ಸಂಜೆಯ ಹೊತ್ತಿಗೆ ನೂರಾ ಎರಡು

ಸಿದ್ದಾಪುರ
೧೮ ಜನವರಿ ೧೯೯೮, ಭಾನುವಾರ

ಚಿ. ಸೌ. ಗೀತಾಳಿಗೆ,

ಅಕ್ಕ ಅನ್ನಪೂರ್ಣಳ ಆಶೀರ್ವಾದಗಳು. ನಿನ್ನ ಯಜಮಾನರು ಶಿವಪುತ್ರಪ್ಪನವರಿಗೂ ಅತ್ತೆ ಗುರುಶಾಂತವ್ವನವರಿಗೂ ನನ್ನ ಶರಣು ತಿಳಿಸು.

ಸಂಕ್ರಾಂತಿಗೆ ಮೊದಲೇ ಬರೆಯಬೇಕಿದ್ದ ಕಾಗದ. ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನಾಲ್ಕು ತಿಂಗಳಿಂದ ನನ್ನ ಐದು ಕಾಗದಕ್ಕೆ ಒಂದು ಕಾರ್ಡನ್ನೂ ಹಾಕದವಳ ಹತ್ತಿರ ತಡವಾಯಿತೆಂದು ನಾನೇ ಕೇಳಿಕೊಳ್ಳುತ್ತಿದ್ದೇನೆ ನೋಡು, ಎಂಥ ಕಾಲ ಬಂತು! ಅಪ್ಪ ಅವ್ವ ಹೋದಾಗ ನಿನಗೆ ಒಂಬತ್ತು ವರ್ಷ. ಜಡೆ ಬಿಗಿಯಾಯಿತೆಂದು ಸಿಟ್ಟು ಬಂದರೆ ಹೀಗೇ ಎರಡೆರಡು ದಿನ ಮಾತು ಬಿಡುತ್ತಿದ್ದೆ. ಆಗ ಒಂದು ಚೂರು ಬೆಲ್ಲಕ್ಕೆ ರಾಜಿಯಾಗುತ್ತಿದ್ದೆ. ಈಗ ಏನು ಕೊಟ್ಟರೆ ರಾಜಿಯಾಗುತ್ತೀಯೋ ನನಗೆ ತಿಳಿಯದು.

ಫೋನಿನಲ್ಲಿ ಹಿಡಿಯೋಣವೆಂದರೆ ಕಿರವತ್ತಿಯಲ್ಲಿ ನಿಮಗಿರುವುದು ಶಿವಪುತ್ರಪ್ಪನವರ ಕಟ್ಟಿಗೆ ಡಿಪೋದ ಫೋನೊಂದೇ. ಮಾಡಿದಾಗಲೆಲ್ಲ ಅವರು, "ಹೇಳ್ತೀನ್ರಿ ಅಕ್ಕಾರ, ಬಿಡುವಾದಾಗ ಅಕೀನ ಮಾಡ್ತಾಳ" ಎನ್ನುತ್ತಾರೆ. ಪಾಪ, ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಯಾರು ಯಾರನ್ನೋ ಯಾರು ಯಾರಿಗೋ ಜೋಡಿಸಿಕೊಟ್ಟವಳು ನಾನು. ದನಿ ಕೇಳಿದರೆ ಸಾಕು, ಪಕ್ಕದಲ್ಲಿ ನಿಂತು 'ಇಲ್ಲ ಅನ್ರಿ' ಎಂದು ಕೈ ಆಡಿಸುವವರು ಇದ್ದಾರೋ ಇಲ್ಲವೋ ಗೊತ್ತಾಗುತ್ತದೆ.

ನಿನ್ನ ಸಿಟ್ಟಿನ ಬೇರು ಎಲ್ಲಿದೆಯೆಂದು ನನಗೆ ಗೊತ್ತು. ಎಂಟು ವರ್ಷ ಕಾದು ನಿಂತ ಬಸಿರು ಸೆಪ್ಟೆಂಬರಿನಲ್ಲಿ ಹೋಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ನಾನು ಬಾಗಿಲಲ್ಲಿ ನಿಂತು ನಿನ್ನ ಅತ್ತೆಯವರ ಎದುರಿಗೇ ಅಂದುಬಿಟ್ಟೆ: "ಎಲ್ಲಾ ಇಕೀ ಹಟದಿಂದ ಆತ್ರಿ. ಬಸ್ಸು ಬ್ಯಾಡ, ಜೀಪು ಮಾಡಿಕೊಡ್ತೀನಿ ಅಂದ್ರ ಕೇಳಲಿಲ್ಲ." ಶ್ರಾವಣದಲ್ಲಿ ಸಿದ್ದಾಪುರಕ್ಕೆ ವಿಶ್ರಾಂತಿಗೆಂದು ಬಂದವಳು ಇಪ್ಪತ್ತು ದಿನಕ್ಕೇ ಬಸ್ಸು ಹತ್ತಿ ಹೊರಟೆಯಲ್ಲ, ಅದರ ಸಿಟ್ಟು ನನಗೆ ಇನ್ನೂ ಆರಿರಲಿಲ್ಲ. ಬಸ್ಸಿನ ಕುಲುಕಿಗೇ ಹಾಗಾಯಿತು ಎಂಬ ಮಾತು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಹೊತ್ತಿನಲ್ಲಿ, ಅವರ ಎದುರಿಗೆ ಅನ್ನಬಾರದಿತ್ತು. ಅಷ್ಟು ತಪ್ಪು ನನ್ನದು.

ಇನ್ನು ನನ್ನ ಸುದ್ದಿ. ದೀಪಾವಳಿಯಾಗಿ ಹದಿನೈದು ದಿನಕ್ಕೆ ಹಿಡಿದ ಜ್ವರ ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದರೆ ಮೈ ತಣ್ಣಗೆ, ಏನೂ ಆಗಿಲ್ಲವೇನೋ ಎಂಬಂತೆ. ಆಫೀಸಿಗೆ ಹೋಗುತ್ತೇನೆ. ಎಕ್ಸ್‌ಚೇಂಜಿನ ಕೆಲಸವೆಲ್ಲ ಯಂತ್ರಕ್ಕೆ ಹೋದ ಮೇಲೆ ನನ್ನನ್ನು ದೂರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂರಿಸಿದ್ದಾರೆ. ಫೋನು ಸತ್ತವರಿಗೆಲ್ಲ ಸಮಾಧಾನ ಹೇಳುತ್ತೇನೆ. ನಾಲ್ಕು ಗಂಟೆಗೆ ಬೆನ್ನಿನಲ್ಲಿ ಚಳಿ ಶುರು. ಮನೆ ಸೇರುವಾಗ ನೂರಾ ಒಂದು, ಸಂಜೆ ದೀಪ ಹಚ್ಚುವ ಹೊತ್ತಿಗೆ ನೂರಾ ಎರಡು. ಆಮೇಲೆ ಸೀರೆ ಹಿಂಡುವಷ್ಟು ಬೆವರು, ಮತ್ತೆ ತಣ್ಣಗೆ. ಸೊಂಟ, ಮೊಣಕಾಲು ನನ್ನವಲ್ಲವೇನೋ ಎಂಬ ಹಾಗೆ ನೋಯುತ್ತವೆ.

ಇಲ್ಲಿಯ ಡಾಕ್ಟರು ಮೊದಲು ರಕ್ತ ನೋಡಿ ಟೈಫಾಯಿಡ್ ಇದ್ದರೂ ಇರಬಹುದು ಎಂದರು. ಹದಿನಾಲ್ಕು ದಿನ ಮಾತ್ರೆ ನುಂಗಿದೆ. ನಾಲ್ಕು ದಿನ ಬಿಟ್ಟಂತೆ ಮಾಡಿ ಮತ್ತೆ ಬಂತು. ಮಲೇರಿಯಾ ಇರಬಹುದೆಂದು ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ನೋಡಿದರು. ಅದೂ ಇಲ್ಲ. ಆಮೇಲೆ ಮಂಗನ ಕಾಯಿಲೆಯ ವಿಚಾರಣೆ. ಕಾಡಿಗೆ ಹೋಗಿದ್ದಿರಾ, ಉಣ್ಣಿ ಕಚ್ಚಿತ್ತಾ, ಸತ್ತ ಮಂಗ ಕಂಡಿದ್ದಿರಾ? ನಾನು ಕಾಡಿಗೆ ಹೋಗುವುದಿರಲಿ, ಈ ಓಣಿ ದಾಟಿದರೆ ಎಕ್ಸ್‌ಚೇಂಜ್, ಎಕ್ಸ್‌ಚೇಂಜ್ ದಾಟಿದರೆ ಈ ಓಣಿ. ಅದೂ ಅಲ್ಲವೆಂದಾಯಿತು.

ನಾನು ಬಾಡಿಗೆಗಿರುವ ಮನೆಯ ಯಜಮಾನಿ ಸೀತಮ್ಮನನ್ನು ನೀನು ಬಲ್ಲೆ. ಹಿತ್ತಲ ಕೊಟ್ಟಿಗೆಯಲ್ಲಿ ಚಂದ್ರಿ ಎನ್ನುವ ಒಂದೇ ಒಂದು ಆಕಳು, ಅದರ ಹಿಂದೆ ಮುಂದೆ ಆ ಮುದುಕಿ. ದಿನಾ ಸಂಜೆ ಕಷಾಯ ತಂದು ಎದುರು ಕೂರುತ್ತಾಳೆ. "ಎಂತ ಆತೇ ಕೂಸೆ ನಿಂಗೆ? ನಿನ್ನ ಬೆವರು ಒದ್ದೆ ಹುಲ್ಲಿನ ವಾಸನೆ ಬತ್ತು. ಆನು ಹೇಳ್ತೆ ಕೇಳು, ಇದು ಬರೀ ಜ್ವರ ಅಲ್ಲ, ಮನಸಿನ ತಾಪ" ಎನ್ನುತ್ತಾಳೆ. ಮನಸ್ಸಿನ ತಾಪಕ್ಕೆ ಥರ್ಮಾಮೀಟರ್ ನೂರಾ ಎರಡು ತೋರಿಸುತ್ತದೆಯೇ ಎಂದು ನಾನು. ಕಾಳುಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತೆಂದು ನೆವ ಹೇಳಿ ಒಂದು ದಿನ ಅವಳ ಎದುರು ಅತ್ತೂ ಬಿಟ್ಟೆ.

ಹರಕೆ ಮಾತ್ರ ಬಿಟ್ಟಿಲ್ಲ. ನೀನು ಬಸಿರಾದ ಸುದ್ದಿ ಬಂದ ದಿನ, ಹೆರಿಗೆಯಾಗುವ ತನಕ ದಿನಾ ಲಿಂಗಕ್ಕೆ ಹಾಲೆರೆಯುತ್ತೇನೆಂದು ಹೊತ್ತಿದ್ದೆನಲ್ಲ, ಅದು ನಡೆದೇ ಇದೆ. ಇನ್ನೊಮ್ಮೆ ಆಗಬೇಕಲ್ಲ! ಸೀತಮ್ಮ ಬೆಳಿಗ್ಗೆ ಕರೆದ ಹಾಲಿನಲ್ಲಿ ಮೊದಲ ಲೋಟ ನನ್ನ ದೇವರಿಗೆ ಎತ್ತಿಡುತ್ತಾಳೆ. ಎಷ್ಟೇ ನಿತ್ರಾಣವಿದ್ದರೂ ಸ್ನಾನ ಪೂಜೆ ಮುಗಿಸಿಯೇ ಬಾಯಿಗೆ ಚಹಾ.

ಮೈ ಜೋಪಾನ. ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಕುಸುರೆಳ್ಳು ಕಳಿಸಿದ್ದೇನೆ. ಇರುವೆ ಮುತ್ತದ ಹಾಗೆ ಎರಡು ಸುತ್ತು ಕಾಗದ ಹಾಕಿದ್ದೇನೆ. ತಲುಪಿತು ಎಂದು ಒಂದೇ ಸಾಲು ಬರೆದರೂ ಸಾಕು, ಹೆಚ್ಚಿಗೆ ಬೇಡ.


ಶಿರಸಿ
೨೨ ಫೆಬ್ರವರಿ ೧೯೯೮, ಭಾನುವಾರ

ಪ್ರೀತಿಯ ಗೀತಾ,

ಆಶೀರ್ವಾದಗಳು. ಊರಿನ ಹೆಸರು ನೋಡಿ ಹೆದರಬೇಡ. ಸಿದ್ದಾಪುರದ ಡಾಕ್ಟರು, "ನನ್ನ ಕೈಯಲ್ಲಿ ಆಗೂದು ಮುಗೀತು, ಶಿರಸಿಗೆ ಹೋಗಿ" ಎಂದು ಚೀಟಿ ಕೊಟ್ಟರು. ಈಗ ಒಂದು ವಾರದಿಂದ ಇಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದೇನೆ. ಮಂಚ, ಕಿಟಕಿ, ಕಿಟಕಿಯಾಚೆ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆ. ನಿಮ್ಮ ಕಡೆಯ ಯಲ್ಲಾಪುರದ ಬಸ್ಸುಗಳ ಬೋರ್ಡು ಇಲ್ಲಿಂದಲೇ ಓದಬಹುದು. ಅದರಿಂದ ಇಳಿದವರು ಈ ಕಡೆಯೇ ನಡೆದು ಬರುತ್ತಾರೆ. ಬೇಡವೆಂದರೂ ಕಣ್ಣು ಅತ್ತಲೇ ಹೋಗುತ್ತದೆ.

ಇಲ್ಲಿ ನನ್ನನ್ನು ನೋಡುವವರು ವಿಘ್ನೇಶ್ವರ ಡಾಕ್ಟರು ಎಂದು. ಇನ್ನೂ ಮೂವತ್ತೈದು ದಾಟಿರಲಿಕ್ಕಿಲ್ಲ. ಮಾತಿಗಿಂತ ಕೇಳುವುದು ಹೆಚ್ಚು, ನಮ್ಮ ಹಳೆಯ ಎಕ್ಸ್‌ಚೇಂಜಿಗೆ ಹೇಳಿ ಮಾಡಿಸಿದಂಥ ಮನುಷ್ಯ. ಮೊದಲ ದಿನ ಸ್ಟೂಲ್ ಎಳೆದು ಕೂತು ನನ್ನ ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಹಾಸಿಗೆಯ ಮೇಲೆ ಹರಡಿದರು.

"ನೋಡಿ ಅಕ್ಕೋರೆ," ಎಂದರು, "ಮೂರು ವಾರ ದಾಟಿದ್ದು, ನೂರಾ ಒಂದರ ಮೇಲೆ ಹೋಗೂದು, ಮಾಮೂಲಿ ಪರೀಕ್ಷೆ ಎಲ್ಲಾ ಮಾಡಿದ್ರೂ ಕಾರಣ ಸಿಗದೇ ಇದ್ದದ್ದು. ಅಂಥ ಜ್ವರಕ್ಕೆ ನಮ್ಮಲ್ಲಿ ಬೇರೆಯೇ ಒಂದು ಪಟ್ಟಿ ಉಂಟು. ಎಲ್ಲೋ ಅಡಗಿ ಕೂತ ಸೋಂಕು ಇರಬಹುದು, ಕ್ಷಯ ಇರಬಹುದು, ಹೃದಯದ ಕವಾಟಕ್ಕೆ ಹತ್ತಿದ್ದಿರಬಹುದು. ಮೈ ತನ್ನ ಮೇಲೇ ತಾನು ಜಗಳಕ್ಕೆ ನಿಂತಿದ್ದಿರಬಹುದು. ಎಲ್ಲೋ ಗಡ್ಡೆ ಇರಬಹುದು. ಒಂದೊಂದು ಸಲ ನಾವು ಕೊಟ್ಟ ಮಾತ್ರೆಯೇ ಜ್ವರ ತರ್ತದೆ. ಅದಕ್ಕೆ ಮೊದಲು ಎಲ್ಲಾ ಮಾತ್ರೆ ನಿಲ್ಲಿಸ್ವ."

ಮಾತ್ರೆ ನಿಲ್ಲಿಸಿದರು. ಜ್ವರ ನಿಲ್ಲಲಿಲ್ಲ.

ಆಮೇಲೆ ಎದೆಯ ಎಕ್ಸರೇ. ಕೊರಳಿನ ಲಿಂಗ ತೆಗೆದಿಡಿ ಎಂದ ಅಲ್ಲಿಯವನು. ನಾನು ಒಲ್ಲೆ ಎಂದೆ. ಅವನು ಲಿಂಗವಿರುವ ಬೆಳ್ಳಿಯ ಕರಡಿಗೆ ಫೋಟೋದಲ್ಲಿ ಬಂದರೆ ಪುಪ್ಪುಸ ಕಾಣುವುದಿಲ್ಲ ಎಂದ. ಕೊನೆಗೆ ದಾರ ಬಿಚ್ಚಿ, ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತೆ. ಪುಪ್ಪುಸ ಚೊಕ್ಕಟವಾಗಿದೆಯಂತೆ. ಕೈಗೆ ಚುಚ್ಚಿ ನೋಡುವ ಕ್ಷಯದ ಪರೀಕ್ಷೆಯೂ ಏನೂ ಹೇಳಲಿಲ್ಲ. ಹೊಟ್ಟೆಯ ಸ್ಕ್ಯಾನಿನಲ್ಲಿ ಗುಲ್ಮ, ಸ್ಪ್ಲೀನ್ ಎನ್ನುತ್ತಾರಲ್ಲ, ಅದು ಸ್ವಲ್ಪ ದೊಡ್ಡದಾಗಿದೆ, ಅಷ್ಟೇ. ಹೃದಯ ಸರಿಯಿದೆ. ಸರಿಯಿದೆ ಎಂದಾಗಲೆಲ್ಲ ಖುಷಿಪಡಬೇಕೋ ಅಳಬೇಕೋ ತಿಳಿಯುವುದಿಲ್ಲ ಗೀತಾ. ಇರುವುದು ಇದ್ದೇ ಇದೆ, ಅದರ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ.

ಪಟ್ಟಿಯಲ್ಲಿ ಇನ್ನೂ ಒಂದು ಇತ್ತು. ಅದನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿಲ್ಲ, ನರ್ಸ್ ಮಾಡಿ ತೋರಿಸಿದಳು. ಮೂರನೆಯ ದಿನ ಸಂಜೆ ಥರ್ಮಾಮೀಟರ್ ನನ್ನ ಬಾಯಿಗಿಟ್ಟು ಕದಲದೆ ಎದುರಿಗೇ ಕೂತಳು. ಹೊರಗೆ ಯಾರೋ ಕರೆದರೂ ಏಳಲಿಲ್ಲ. ಆಗ ಹೊಳೆಯಿತು. ಕೆಲವರು ಬಿಸಿ ಚಹಾ ಕುಡಿದೋ ಥರ್ಮಾಮೀಟರ್ ಬಟ್ಟೆಗೆ ತಿಕ್ಕಿಯೋ ಜ್ವರ ತೋರಿಸುವುದುಂಟಂತೆ. ಯಾರಾದರೂ ಬಂದು ನೋಡಲಿ ಎಂದು. ಒಬ್ಬಂಟಿಗರಲ್ಲಿ ಹೆಚ್ಚಂತೆ. ನನಗೆ ಬಂದ ಸಿಟ್ಟಿಗೆ ಪಾದರಸ ಇನ್ನೆರಡು ಗೆರೆ ಏರಿರಬೇಕು! ಆದರೆ ನಿನ್ನ ಹತ್ತಿರ ಮುಚ್ಚಿಡುವುದೇನು, ಅವಳು ಅದನ್ನು ಬೆಳಕಿಗೆ ಹಿಡಿದು "ನೂರಾ ಎರಡು" ಎಂದಾಗ ಗೆದ್ದಷ್ಟು ಸಂತೋಷವಾಯಿತು. ಜ್ವರ ಬಂದದ್ದಕ್ಕೆ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ಒಂದು ಮಾತು ಮಾತ್ರ ಒಳಗೆ ಚುಚ್ಚಿತು. ಸುಳ್ಳು ಜ್ವರ ಬರಿಸಿಕೊಂಡವಳಲ್ಲ ನಿಜ, ಆದರೆ ಬಂದ ಜ್ವರದ ನೆವದಲ್ಲಾದರೂ ನೀನು ಬರುತ್ತೀ ಎಂದು ನವೆಂಬರಿನಿಂದ ಕಾದಿದ್ದೇನಲ್ಲ.

ಡಾಕ್ಟರ ಪ್ರಶ್ನೆಗಳಿಗೆ ಕೊನೆಯಿಲ್ಲ. ಎಲ್ಲಿ ಹುಟ್ಟಿದ್ದು, ಎಲ್ಲೆಲ್ಲಿ ತಿರುಗಿದ್ದು, ಮನೆಯಲ್ಲಿ ಇಲಿ ಉಂಟಾ, ಬೆಕ್ಕು ಉಂಟಾ, ಹಲ್ಲು ಕೀಳಿಸಿದ್ದಿರಾ, ಅಪ್ಪ ಯಾವುದರಿಂದ ಹೋದರು, ಕೂದಲು ಉದುರ್ತದಾ. "ಹಸಿ ಹಾಲು ಕುಡಿಯೂ ರೂಢಿ ಉಂಟಾ?" ಎಂದೂ ಕೇಳಿದರು. "ಛೀ, ಇಲ್ರಿ. ಎರಡು ಸಲ ಉಕ್ಕು ಬರೂತನಕ ಕಾಸ್ತೀನಿ" ಎಂದೆ. ಇಲ್ಲ ಎಂದು ಬರೆದುಕೊಂಡರು. "ದನದ ಕೆಲಸ ಮಾಡ್ತೀರಾ?" "ಇಲ್ರಿ, ಕೊಟ್ಟಿಗಿ ಕಡೆ ಹಾಯೂದಿಲ್ಲ." ಅದಕ್ಕೂ ಇಲ್ಲ. ಕೊನೆಗೆ, "ಮನೆಯಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ನೋಡೂರು ಯಾರು?" ಎಂದರು. "ಥರ್ಮಾಮೀಟರ್ರಿ" ಎಂದೆ. ಅವರು ನಗಲಿಲ್ಲ. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಸೇರಿಸಿಕೊಳ್ಳುವಾಗ ಒಂದು ಕಾಗದ ತುಂಬಿಸುತ್ತಾರೆ. ರೋಗಿಯ ಹೆಸರು, ವಯಸ್ಸು ನಲವತ್ತಾರು, ಜೊತೆಗಿರುವವರು ಯಾರು? ಕೌಂಟರಿನ ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನಿನ್ನ ಹೆಸರು ಹೇಳಿದೆ. ಸಂಬಂಧ? ತಂಗಿ. ಎಲ್ಲಿದ್ದಾರೆ? ಬರ್ತಾಳ್ರಿ ಎಂದೆ. ನಿನ್ನನ್ನು ಕೇಳದೆ ಬರೆಸಿದ್ದು ತಪ್ಪಾದರೆ ಮನ್ನಿಸು.

ಪೂಜೆ ಇಲ್ಲಿಯೂ ನಡೆದಿದೆ. ಸೀತಮ್ಮ ಸಿದ್ದಾಪುರದ ಮೊದಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಂದ್ರಿಯ ಹಾಲು ಒಂದು ಬಾಟಲಿ ಕಳಿಸುತ್ತಾಳೆ. ಯಾರದೋ ಮದುವೆಯ ಕರೆಯೋಲೆ, ಯಾರದೋ ಕೋರ್ಟಿನ ಕಾಗದ, ಅವುಗಳ ನಡುವೆ ನನ್ನ ದೇವರ ಹಾಲು. "ಪಾಕೀಟಿನ ಹಾಲು ಇಲ್ಲೇ ಸಿಗ್ತದಲ್ಲ" ಎಂದು ನರ್ಸ್ ಆಡಿಕೊಂಡಳು. ಅದೆಲ್ಲ ಕಾಸಿದ್ದು, ಯಂತ್ರ ಮುಟ್ಟಿದ್ದು. ದೇವರಿಗೆ ಹೇಗೆ ಬರುತ್ತದೆ?

ಬೇಸರ ಬಂದಾಗ ನಿನ್ನನ್ನು ನೆನೆಯುತ್ತೇನೆ. ಸುಖವಾಗಿರು.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಮೊನ್ನೆ ಡಿಪೋಗೆ ಫೋನ್ ಮಾಡಿದಾಗ ಶಿವಪುತ್ರಪ್ಪನವರು, "ಅಕೀಗೂ ಸಂಜಿಮುಂದ ಮೈ ಬೆಚ್ಚಗಿರ್ತದ್ರಿ, ನಡ ನೋವು ಅಂತಾಳ, ಮನಸ್ಸಿಗೆ ಹಚ್ಚಿಕೊಂಡಾಳ" ಎಂದರು. ಅವರ ಹಿಂದೆ ಗುರುಶಾಂತವ್ವನವರ ದನಿಯೂ ಕೇಳಿಸಿತು. "ಬಸ್ಸು ಹತ್ತಿ ಕಳಕೊಂಡು ಬಂದಾಳ, ಈಗ ಮಲಗಿದ್ರ ಏನ್ ಬಂತು?" ಅದು ನನ್ನದೇ ಮಾತು, ಅವರ ಬಾಯಲ್ಲಿ ಐದು ತಿಂಗಳಿಂದ ಓಡಾಡುತ್ತಿದೆ ಎಂದು ಅಂದೇ ನನಗೆ ತಿಳಿದದ್ದು.


ಸಿದ್ದಾಪುರ
೮ ಮಾರ್ಚ್ ೧೯೯೮, ಭಾನುವಾರ

ನನ್ನ ಗೀತಾ,

ಆಶೀರ್ವಾದಗಳು. ಈ ಕಾಗದವನ್ನು ಮಡಿಸಿ ಇಡಬೇಡ, ಪೂರ್ತಿ ಓದು. ನನ್ನ ಮೇಲೆ ಸಿಟ್ಟಿದ್ದರೂ ಓದು. ಮೂರು ದಿನದಿಂದ ಬರೆಯುತ್ತಿದ್ದೇನೆ, ಎರಡು ಸಲ ಹರಿದೆ, ಅದಕ್ಕೇ ತಡವಾಯಿತು.

ಜ್ವರದ ಹೆಸರು ಸಿಕ್ಕಿತು.

ಶಿವರಾತ್ರಿಯ ದಿನ ಬೆಳಿಗ್ಗೆ ವಿಘ್ನೇಶ್ವರ ಡಾಕ್ಟರು ಎಂದಿಗಿಂತ ಬೇಗ ಬಂದುಬಿಟ್ಟರು. ನಾನು ಸ್ನಾನ ಮಾಡಿ, ಮಂಚದ ಮೇಲೆ ಮಣೆ ಹಾಕಿಕೊಂಡು, ಅಂಗೈಯ ಲಿಂಗಕ್ಕೆ ಹಾಲೆರೆಯುತ್ತಿದ್ದೆ. ಅವರು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು. ಪೂಜೆ ಮುಗಿಯಿತು. ತಟ್ಟೆಯ ಹಾಲನ್ನು ಚಮಚದಲ್ಲಿ ತೆಗೆದು ಮೂರು ಸಲ ಅಂಗೈಗೆ ಹಾಕಿಕೊಂಡು ಕುಡಿದೆ, ಕೈಯನ್ನು ತಲೆಗೆ ಒರೆಸಿಕೊಂಡೆ.

"ಈಗ ಎಂತ ಕುಡಿದ್ರಿ?" ಎಂದರು.

"ತೀರ್ಥರಿ."

"ಹಾಲಲ್ದಾ ಅದು?"

"ಹೌದ್ರಿ. ದೇವ್ರ ಮ್ಯಾಲಿನ ಹಾಲು."

"ಕಾಸಿದ್ದಾ?"

ನಾನು ನಕ್ಕುಬಿಟ್ಟೆ ಗೀತಾ. ಇಷ್ಟು ಓದಿದ ಮನುಷ್ಯನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು. "ಕಾಸಿದ ಹಾಲು ದೇವ್ರಿಗೆ ಎರೀತಾರೇನ್ರಿ?" ಎಂದೆ.

ಅವರು ನಗಲಿಲ್ಲ. ಸ್ಟೂಲ್ ಕೂಡ ಎಳೆದುಕೊಳ್ಳದೆ ಮಂಚದ ತುದಿಯಲ್ಲಿ ಕೂತರು. "ಹಸಿ ಹಾಲು ಕುಡಿಯೂದಿಲ್ಲ ಅಂದಿದ್ರಲ್ಲ ಅಕ್ಕೋರೆ?" "ಕುಡಿಯೂದಿಲ್ರಿ." "ಮತ್ತೆ ಇದು?" "ಇದು ತೀರ್ಥ." ಅವರು ನನ್ನ ಮುಖವನ್ನೇ ನೋಡಿದರು. ನಾನು ಸುಳ್ಳು ಹೇಳಿರಲಿಲ್ಲ, ಅದು ಅವರಿಗೂ ಗೊತ್ತಾಯಿತು. ತೀರ್ಥವನ್ನು ಹಾಲು ಎಂದು ನಾನು ಹುಟ್ಟಿದಾಗಿನಿಂದ ಎಣಿಸಿದವಳೇ ಅಲ್ಲ. ಎಷ್ಟು ದಿನದಿಂದ ಎಂದು ಕೇಳಿದರು. ಲೆಕ್ಕ ಹಾಕಿ ಹೇಳಿದೆ, ಆಗಸ್ಟಿನಿಂದ, ಒಂದು ದಿನವೂ ತಪ್ಪದೆ. ಜ್ವರ ಹೆಚ್ಚಾದ ದಿನ ಎರಡು ಚಮಚ ಹೆಚ್ಚಿಗೆ.

ಅಂದೇ ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ಎಂಟು ದಿನಕ್ಕೆ ಉತ್ತರ ಬಂತು. ಬ್ರುಸೆಲ್ಲಾ ಎನ್ನುವ ಒಂದು ಕ್ರಿಮಿ. ದನಕರುಗಳಲ್ಲಿರುತ್ತದೆ, ಕಾಸದ ಹಾಲಿನಲ್ಲಿ ಮನುಷ್ಯರ ಮೈಗೆ ಬರುತ್ತದೆ. ಸಂಜೆ ಏರಿ, ಬೆವರಾಗಿ, ಇಳಿದು, ಬಿಟ್ಟಂತೆ ಮಾಡಿ ಮತ್ತೆ ಬರುತ್ತದೆ. ಸೊಂಟ ಹಿಡಿಯುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ ಸಿಕ್ಕುವುದಿಲ್ಲ, ಇದೇ ಇರಬಹುದೆಂದು ಅನುಮಾನಪಟ್ಟು ಹುಡುಕಿದರೆ ಮಾತ್ರ ಸಿಕ್ಕುತ್ತದೆ. ಆರು ವಾರ ಮಾತ್ರೆ, ಜೊತೆಗೆ ಮೊದಲ ಕೆಲವು ವಾರ ದಿನಾ ಸೂಜಿ. ಮೊನ್ನೆ ಗುರುವಾರ ಸಿದ್ದಾಪುರಕ್ಕೆ ಕಳಿಸಿಕೊಟ್ಟರು. ಸೂಜಿ ಇಲ್ಲಿಯೇ ಹಾಕಿಸಿಕೊಳ್ಳುತ್ತಿದ್ದೇನೆ. ನಿನ್ನೆ ಸಂಜೆ ತೊಂಬತ್ತೊಂಬತ್ತು. ನೂರು ದಿನದ ಮೇಲೆ ಮೊದಲ ಸಲ ಒಣ ಸೀರೆಯಲ್ಲಿ ಮಲಗಿದೆ.

ಡಾಕ್ಟರು ಇನ್ನೊಂದು ಮಾತು ಕೇಳಿದ್ದರು. "ಆ ಹಸು ಕಂದು ಹಾಕಿತ್ತಾ, ವಿಚಾರಿಸಿ." ದಿನ ತುಂಬುವ ಮೊದಲೇ ಸತ್ತ ಕರು ಹಾಕುವುದಕ್ಕೆ ಹಾಗೆನ್ನುತ್ತಾರೆ. ಮನೆಗೆ ಬಂದವಳೇ ಸೀತಮ್ಮನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಕಷಾಯದ ಲೋಟ ಕೆಳಗಿಟ್ಟಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಹೌದೇ ಕೂಸೆ," ಎಂದಳು. "ಆಷಾಢದಲ್ಲಿ. ಎಂಟು ತಿಂಗಳಿಗೇ ಹಾಕ್ತು. ಹಿತ್ಲ ಮೂಲೆಲಿ ಹುಗಿಸಿದೆ. ಆವಾಗ ನಿನ್ನ ತಂಗಿ ಬಸರಿ ಹೇಳಿ ಸುದ್ದಿ ಬಂದಿತ್ತು, ಶ್ರಾವಣಕ್ಕೆ ಇಲ್ಲಿಗೇ ಬತ್ತು ಹೇಳಿ ನೀನು ಕುಣೀತಾ ಇದ್ದೆ. ಬಸರಿ ಬಪ್ಪ ಮನೆಲಿ ಅಂಥ ಸುದ್ದಿ ಬಾಯಲ್ಲಿ ಆಡ್ಲಾಗ. ಅದಕ್ಕೇ ಸುಮ್ಮಂಗಾದೆ."

ನಮ್ಮ ಒಳ್ಳೆಯದಕ್ಕೇ ಸುಮ್ಮನಾದಳು ಆ ಮುದುಕಿ. ಬೈಯಲು ನನಗೆ ಬಾಯಿ ಬರಲಿಲ್ಲ. ದನದ ಡಾಕ್ಟರು ಬಂದು ಚಂದ್ರಿಯ ರಕ್ತ ತೆಗೆದುಕೊಂಡು ಹೋಗಿದ್ದಾರೆ. ಸೀತಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಕೂತಿರುತ್ತಾಳೆ.

ಈಗ ನಿನ್ನ ಮಾತು. ಶ್ರಾವಣದಲ್ಲಿ ನೀನು ಇಪ್ಪತ್ತು ದಿನ ಇಲ್ಲಿದ್ದೆ. ದಿನಾ ತೀರ್ಥ ತೆಗೆದುಕೊಂಡಿದ್ದೀ. ನಿನಗೂ ಸಂಜೆ ಮೈ ಬೆಚ್ಚಗಾಗುತ್ತದೆ, ನಡ ನೋಯುತ್ತದೆ ಎನ್ನುತ್ತಾರೆ ಶಿವಪುತ್ರಪ್ಪನವರು. ಅದು ಮನಸ್ಸಿಗೆ ಹಚ್ಚಿಕೊಂಡದ್ದಲ್ಲ. ನನಗೂ ಎಲ್ಲರೂ ಹಾಗೇ ಅಂದರು. ವಿಘ್ನೇಶ್ವರ ಡಾಕ್ಟರು ಪರೀಕ್ಷೆಯ ಹೆಸರನ್ನು ತಮ್ಮ ಕೈಯಿಂದಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಕಿರವತ್ತಿಯಿಂದ ಯಲ್ಲಾಪುರಕ್ಕೋ ಹುಬ್ಬಳ್ಳಿಗೋ ಹೋಗಿ ಡಾಕ್ಟರಿಗೆ ತೋರಿಸು. ನಾಳೆ ಎನ್ನಬೇಡ. ಇದ್ದರೆ ಆರು ವಾರದ ಮಾತ್ರೆಗೆ ಹೋಗುತ್ತದೆ. ಪೂರ್ತಿ ಗುಣವಾದ ಮೇಲೆ ಮತ್ತೆ ಬಸಿರು ನಿಲ್ಲುವುದಕ್ಕೆ ಅಡ್ಡಿಯಿಲ್ಲ ಎಂದು ನಾನು ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ.

ಹರಕೆಯನ್ನು ಬಿಟ್ಟಿಲ್ಲ. ಲಿಂಗಕ್ಕೆ ಈಗ ನೀರೆರೆಯುತ್ತೇನೆ. ದೇವರು ಬೇಡವೆಂದಿಲ್ಲ.

ನೂರು ವರ್ಷ ಮುತ್ತೈದೆಯಾಗಿ ಬಾಳು. ನಿನ್ನ ಮಡಿಲು ತುಂಬಲಿ.

ನಿನ್ನ ಅಕ್ಕ,
ಅನ್ನಪೂರ್ಣ

ತಾ.ಕ.: ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ಮಾತನ್ನು ಸುತ್ತಿ ಬಳಸಿ ದಾಟಿ ಬಂದಿದ್ದೇನೆ. ಎರಡು ಸಲ ಹರಿದದ್ದು ಅದಕ್ಕೇ.

ಆಸ್ಪತ್ರೆಯಿಂದ ಹೊರಡುವ ದಿನ ಡಾಕ್ಟರನ್ನು ಕೇಳಿದೆ, "ಬಸರಿ ಹೆಂಗಸು ಈ ಹಾಲು ಕುಡಿದ್ರ ಏನಾಗ್ತದ್ರಿ?" ಅವರು ಬರೆಯುತ್ತಿದ್ದ ಚೀಟಿ ಬದಿಗಿಟ್ಟರು. "ಹಸುವಿಗೆ ಆದದ್ದೇ ಆಗಲೂ ಬಹುದು. ಇಷ್ಟು ದಿನದ ಮೇಲೆ ಅದರಿಂದಲೇ ಅಂತ ಖಡಾಖಂಡಿತ ಹೇಳೂಕೆ ಬರೂದಿಲ್ಲ" ಎಂದರು. ಆ ಕೊನೆಯ ಮಾತನ್ನು ನನ್ನ ಸಮಾಧಾನಕ್ಕೆ ಹೇಳಿದರು. ನಾನು ಇಪ್ಪತ್ತೆರಡು ವರ್ಷ ಜನರ ದನಿ ಕೇಳಿದವಳು.

ಬಸ್ಸು ಏನೂ ಮಾಡಿರಲಿಲ್ಲ ಗೀತಾ. ನಿನ್ನ ಹಟವೂ ಅಲ್ಲ. ನಿನ್ನ ಮಗು ಉಳಿಯಲಿ ಎಂದು ಹರಕೆ ಹೊತ್ತ ಕೈಯಿಂದಲೇ, ದಿನಾ ಮೂರು ಚಮಚದಂತೆ, ನಾನು ಎರೆದೆ. ಆಮೇಲೆ ಹುಬ್ಬಳ್ಳಿಗೆ ಬಂದು ನಿನ್ನನ್ನೇ ದೂರಿದೆ. ಆ ಮಾತನ್ನು ನಾನು ಆಡಿದ್ದು ಗುರುಶಾಂತವ್ವನವರ ಎದುರು. ಹಾಗಾಗಿ ಈ ತಾ.ಕ.ವನ್ನು ಅವರ ಎದುರು ಕೂತು ಗಟ್ಟಿಯಾಗಿ ಓದು. ನಿನಗೆ ಆಗದಿದ್ದರೆ ಶಿವಪುತ್ರಪ್ಪನವರ ಕೈಯಲ್ಲಿ ಓದಿಸು. ಇನ್ನು ಮೇಲೆ ಆ ಮನೆಯಲ್ಲಿ ಬಸ್ಸಿನ ಮಾತು ಬರಬಾರದು. ಬಯ್ಯುವುದಿದ್ದರೆ ನನ್ನ ಹೆಸರು ಹಿಡಿದು ಬಯ್ಯಲಿ. ಇದಾದ ಮೇಲೆ ನೀನು ನನಗೆ ಬರೆಯದಿದ್ದರೂ ನಾನು ಕೇಳುವುದಿಲ್ಲ. ರಕ್ತ ಮಾತ್ರ ತೋರಿಸು.

ಶ್ರಾವಣದ ಆ ಮೊದಲ ದಿನ ನೀನು ತೀರ್ಥಕ್ಕೆ ಕೈ ಒಡ್ಡಿದವಳು, ಮೂಗಿನ ಹತ್ತಿರ ತಂದು, "ಹಸಿ ವಾಸನಿ ಬರ್ತದ. ಕಾಸೀಯೇನ ಅಕ್ಕಾ?" ಎಂದು ಕೇಳಿದ್ದೆ. ದೇವರ ಹಾಲಿಗೆ ಹಾಗೆಲ್ಲ ಅನ್ನಬಾರದು, ಬಾಯಿ ಮುಚ್ಚಿ ತಗೋ ಎಂದು ನಾನು ಗದರಿದೆ. ನೀನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ.

ಇಲ್ಲವ್ವಾ, ಕಾಸಿರಲಿಲ್ಲ.